ಸೀಸೆಯ ಮೇಲಿನ ಚೀಟಿ ಮತ್ತು ಮನೆಯ ಕ್ಷೇಮ

ಶುಚಿತ್ವವು ಗೃಹಸ್ಥಜೀವನದ ಮೊದಲ ಕರ್ತವ್ಯ. ಹಿಂದೆ ಸಗಣಿ, ಸುಣ್ಣ, ಬೂದಿಗಳಿಂದ ನಡೆಯುತ್ತಿದ್ದ ಈ ಕಾರ್ಯವು ಇಂದು ಫಿನಾಯಿಲ್, ಬ್ಲೀಚಿಂಗ್ ಪುಡಿ, ಆಸಿಡ್‌ಗಳಿಂದ ನಡೆಯುತ್ತಿದೆ. ಇವು ರೋಗಾಣುಗಳನ್ನು ನಾಶಮಾಡುತ್ತವೆಂಬುದು ಸತ್ಯ. ಆದರೆ ರೋಗಾಣುವನ್ನು ಕೊಲ್ಲುವ ದ್ರವ್ಯವು ಮನುಷ್ಯನ ಕಣ್ಣು, ಗಂಟಲು, ಶ್ವಾಸಕೋಶಗಳಿಗೂ ಹಾನಿ ಮಾಡಬಲ್ಲುದು. ಆದುದರಿಂದಲೇ ಸರಕಾರವು ಇವುಗಳಿಗೆ ಕಟ್ಟಳೆಗಳನ್ನು ವಿಧಿಸಿದೆ. ಆ ಕಟ್ಟಳೆಗಳು ಅಂಗಡಿಯವರೆಗೆ ನಮ್ಮನ್ನು ಕಾಯುತ್ತವೆ. ಹೊಸ್ತಿಲು ದಾಟಿದ ಮೇಲೆ ಕಾಯಬೇಕಾದವರು ನಾವೇ.

ಫಿನಾಯಿಲ್ ಜಾತಿಯ ಕಪ್ಪು ಮತ್ತು ಬಿಳಿ ದ್ರವಗಳು ನಮ್ಮ ದೇಶದಲ್ಲಿ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ ವ್ಯಾಪ್ತಿಗೆ ಒಳಪಟ್ಟಿವೆ. 1945ರ ನಿಯಮಗಳ 'ಓ' ಅನುಸೂಚಿಯು ಇವುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದೆ. ಇದಕ್ಕೆ ಆಧಾರವಾದುದು ರಿಡೀಲ್ ಮತ್ತು ವಾಕರ್ ಎಂಬ ವಿಜ್ಞಾನಿಗಳು 1903ರಲ್ಲಿ ರೂಪಿಸಿದ ಪರೀಕ್ಷೆ. ವಿಷಮಶೀತಜ್ವರದ ರೋಗಾಣುವನ್ನು ಕೊಲ್ಲುವುದರಲ್ಲಿ ಒಂದು ದ್ರವವು ಕಾರ್ಬಾಲಿಕ್ ಆಮ್ಲಕ್ಕಿಂತ ಎಷ್ಟು ಪಟ್ಟು ಸಮರ್ಥವೆಂಬುದನ್ನು ಅದು ಅಳೆಯುತ್ತದೆ. ಮೊದಲ ದರ್ಜೆಗೆ ಕನಿಷ್ಠ 18, ಎರಡನೆಯದಕ್ಕೆ 10, ಮೂರನೆಯದಕ್ಕೆ 5 ಅಂಕ ಬೇಕು. ಅಂಕ ಹೆಚ್ಚಾದಂತೆ ಹೆಚ್ಚು ನೀರು ಬೆರೆಸಬಹುದು. ಹೀಗಾಗಿ ಎಷ್ಟು ನೀರಿಗೆ ಎಷ್ಟು ದ್ರವವೆಂಬುದನ್ನು ಊಹೆಯಿಂದಲ್ಲ, ಸೀಸೆಯ ಮೇಲಿನ ಚೀಟಿಯನ್ನು ಓದಿಯೇ ತಿಳಿಯಬೇಕು.

ಆಸಿಡ್‌ನ ವಿಷಯದಲ್ಲಿ ಕಾನೂನು ಇನ್ನೂ ಕಠಿಣವಾಗಿದೆ. ಆಸಿಡ್ ದಾಳಿಗೆ ತುತ್ತಾದ ಲಕ್ಷ್ಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ನೀಡಿದ ಆದೇಶದಂತೆ, ಕೊಳ್ಳುವವರು 18 ವರ್ಷ ತುಂಬಿದವರಾಗಿದ್ದು ಗುರುತಿನ ಚೀಟಿಯನ್ನು ತೋರಿಸಿ ಉದ್ದೇಶವನ್ನು ತಿಳಿಸಬೇಕು. ಮಾರುವವರು ಅದನ್ನು ಪುಸ್ತಕದಲ್ಲಿ ಬರೆದಿಡಬೇಕು.

ಇಷ್ಟು ಎಚ್ಚರದಿಂದ ಬಂದ ವಸ್ತುವಿನ ರಕ್ಷಣೆಯನ್ನು ನಾವು ಒಂದೇ ಕ್ಷಣದಲ್ಲಿ ಕಳಚುವುದುಂಟು. ದೊಡ್ಡ ಡಬ್ಬಿಯ ಫಿನಾಯಿಲನ್ನು ತಂಪುಪಾನೀಯದ ಖಾಲಿ ಬಾಟಲಿಗೆ ಸುರಿದಿಡುತ್ತೇವೆ. ತಳ್ಳುಗಾಡಿಯವನಿಂದ ಚೀಟಿಯಿಲ್ಲದ ಸೀಸೆಯನ್ನು ಅಗ್ಗವೆಂದು ಕೊಳ್ಳುತ್ತೇವೆ. ನೀರು ಬೆರೆತ ಬಿಳಿ ಫಿನಾಯಿಲ್ ಹಾಲಿನಂತೆಯೇ ಕಾಣುತ್ತದೆ. ಅಕ್ಷರ ಬಾರದ ಮಗುವಿಗೂ, ಕಣ್ಣು ಮಂಜಾದ ವೃದ್ಧರಿಗೂ ಬಾಟಲಿಯ ಆಕಾರವೇ ಗುರುತು. ಆದ್ದರಿಂದ ಈ ವಸ್ತುಗಳು ಮೂಲ ಸೀಸೆಯಲ್ಲಿಯೇ, ಅಡುಗೆಮನೆಯಿಂದ ದೂರದಲ್ಲಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ, ಸಾಧ್ಯವಾದರೆ ಬೀಗದೊಳಗೆ ಇರತಕ್ಕದ್ದು.

ಎರಡನೆಯ ಎಚ್ಚರಿಕೆ, ಒಂದನ್ನು ಇನ್ನೊಂದರೊಡನೆ ಬೆರೆಸದಿರುವುದು. ಬ್ಲೀಚಿಂಗ್ ಪುಡಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಹರಿಯಬಿಟ್ಟ ವಿಷಾನಿಲವಿದೇ. ಬಾಗಿಲು ಮುಚ್ಚಿದ ಚಿಕ್ಕ ಬಚ್ಚಲಮನೆಯಲ್ಲಿ ಇದರ ಅಪಾಯವು ಹೇಳತೀರದು. ಅಮೋನಿಯ ಇರುವ ದ್ರವಗಳೊಡನೆಯೂ ಬ್ಲೀಚಿಂಗ್ ಪುಡಿ ಸೇರಕೂಡದು. ಬಳಸುವಾಗ ಕಿಟಕಿ ತೆರೆದಿರಲಿ, ಕೈಗೆ ರಬ್ಬರಿನ ಗವಸು ಇರಲಿ.

ಇವು ನೆಲಕ್ಕಾಗಿ ಇರುವವು, ದೇಹಕ್ಕಾಗಿ ಅಲ್ಲ. ಕೊರೋನಾ ಕಾಲದಲ್ಲಿ ಹಲವೆಡೆ ಜನರ ಮೈಮೇಲೆಯೇ ಈ ದ್ರಾವಣಗಳನ್ನು ಸಿಂಪಡಿಸಿದಾಗ, ಕೇಂದ್ರ ಆರೋಗ್ಯ ಸಚಿವಾಲಯವು 2020ರ ಏಪ್ರಿಲ್‌ನಲ್ಲಿ ಅದು ಹಾನಿಕರವೆಂದು ಸ್ಪಷ್ಟಪಡಿಸಿತು.

ಅವಘಡ ಸಂಭವಿಸಿದರೆ ಧೃತಿಗೆಡಬಾರದು. ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ತಪ್ಪು. ಸುಟ್ಟ ಗಂಟಲು ಮತ್ತೊಮ್ಮೆ ಸುಡುತ್ತದೆ, ದ್ರವವು ಶ್ವಾಸಕೋಶಕ್ಕೂ ಇಳಿಯಬಹುದು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ಶುದ್ಧ ನೀರಿನಿಂದ ತೊಳೆಯಬೇಕು. ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಸೀಸೆಯನ್ನೂ ಜೊತೆಗೆ ಕೊಂಡೊಯ್ಯಬೇಕು. ಒಳಹೋದ ವಿಷ ಯಾವುದೆಂಬುದನ್ನು ವೈದ್ಯರಿಗೆ ಮೊದಲು ತಿಳಿಸುವುದು ಆ ಚೀಟಿಯೇ. ಅದನ್ನು ಹರಿಯದೆ ಅಳಿಸದೆ ಕಾಪಾಡುವುದು ಪ್ರತಿಯೊಂದು ಮನೆಯ ವಿವೇಕವಾಗಲಿ.