ಅಂಚೆಮನೆಯ ಹುಡುಗಿ ಬರೆದ ಊರ ಚರಿತ್ರೆ

ಇಂಗ್ಲೆಂಡಿನ ಚರಿತ್ರೆಯೆಂದೊಡನೆ ನಮ್ಮಲ್ಲನೇಕರಿಗೆ ನೆನಪಾಗುವುದು ಶಾಲೆಯಲ್ಲಿ ಬಾಯಿಪಾಠ ಮಾಡಿದ ರಾಜರ ಹೆಸರುಗಳು, ಯುದ್ಧಗಳ ಇಸವಿಗಳು ಮತ್ತು ನಮ್ಮ ಮೇಲೆ ವೈಸರಾಯರನ್ನು ಕಳುಹಿಸಿಕೊಟ್ಟ ಪಾರ್ಲಿಮೆಂಟು. ಆ ದೇಶದ ಹಳ್ಳಿಗಳಲ್ಲಿಯೂ ಸಾಲ ಮಾಡಿ ಸಂಸಾರ ತೂಗಿಸುತ್ತಿದ್ದ ಕೂಲಿಕಾರರಿದ್ದರು. ಹನ್ನೆರಡು-ಹದಿಮೂರರ ಪ್ರಾಯದಲ್ಲಿಯೇ ಹೊಟ್ಟೆಪಾಡಿಗಾಗಿ ಪರರ ಮನೆ ಸೇರುತ್ತಿದ್ದ ಮಕ್ಕಳಿದ್ದರು ಎಂಬುದನ್ನು ಆ ಪಾಠಗಳು ನಮಗೆ ತಿಳಿಸಲಿಲ್ಲ. ಅದನ್ನು ಕಣ್ಣಿಗೆ ಕಟ್ಟುವಂತೆ ಬರೆದಿಟ್ಟವರಲ್ಲಿ ಒಬ್ಬಾಕೆ ಕಲ್ಲುಕುಟಿಗನ ಮಗಳು, ಅಂಚೆ ಕಚೇರಿಯ ಕೆಲಸದಾಕೆ. ಹೆಸರು ಫ್ಲೋರಾ ಥಾಂಪ್ಸನ್. ಕೌಂಟರಿನ ಹಿಂದೆ ನಿಂತು ದುಡಿಯುವ ನಮ್ಮ ವಾಚಕ ಬಂಧುಗಳಿಗೆ ಈಕೆಯ ಪರಿಚಯವಾಗಬೇಕೆಂಬುದು ನಮ್ಮ ಬಹುದಿನದ ಆಸೆ.

ಆಕ್ಸ್‌ಫರ್ಡ್ ಜಿಲ್ಲೆಯ ಈಶಾನ್ಯದ ಮೂಲೆಯಲ್ಲಿ ಜುನಿಪರ್ ಹಿಲ್ ಎಂಬ ಕುಗ್ರಾಮವಿದೆ. ಜುನಿಪರ್ ಎಂಬುದು ಅಲ್ಲಿನ ಬೀಳುಭೂಮಿಯಲ್ಲಿ ಬೆಳೆಯುತ್ತಿದ್ದ ಒಂದು ಮುಳ್ಳುಪೊದೆ. ಫ್ಲೋರಾ ಹುಟ್ಟಿದ್ದು ಇಲ್ಲಿಯೇ, 1876ರ ಡಿಸೆಂಬರಿನಲ್ಲಿ. ಆಗ ಆ ಊರಿನಲ್ಲಿದ್ದುದು ಸುಮಾರು ಮೂವತ್ತು ಗುಡಿಸಲುಗಳು ಮತ್ತು ಒಂದು ಪಾನಗೃಹ. ಇಗರ್ಜಿಗೂ ಶಾಲೆಗೂ ಒಂದೂವರೆ ಮೈಲು ದೂರದ ಕಾಟಿಸ್‌ಫರ್ಡಿಗೆ ನಡೆದೇ ಹೋಗಬೇಕು. ಗಂಡಸರಲ್ಲಿ ಬಹುಮಂದಿ ಹೊಲದ ಕೂಲಿಗಳು. ವಾರದ ಸಂಬಳ ಹತ್ತು ಶಿಲ್ಲಿಂಗು, ಅಂದರೆ ಅರ್ಧ ಪೌಂಡು. ಆ ಹತ್ತು ಶಿಲ್ಲಿಂಗಿನಲ್ಲಿ ಏಳೆಂಟು ಮಕ್ಕಳ ಹೊಟ್ಟೆ ತುಂಬಬೇಕು, ಬಾಡಿಗೆ ಸಲ್ಲಬೇಕು, ಜೋಡು ಕೊಳ್ಳಬೇಕು.

ಹೇಗೆ ಸಲ್ಲಿಸುತ್ತಿದ್ದರು? ಇದಕ್ಕೆ ಉತ್ತರವನ್ನು ಫ್ಲೋರಾ ಕಣ್ಣಾರೆ ಕಂಡುದರಿಂದಲೇ ಕೊಟ್ಟಿದ್ದಾಳೆ. ಪ್ರತಿ ಮನೆಯ ಹಿತ್ತಲಲ್ಲಿ ಒಂದು ಹಂದಿ. ವರ್ಷದ ಮಾಂಸವೆಲ್ಲ ಅದರಿಂದಲೇ. ಅದಕ್ಕೆ ಹಾಕುವ ಹಿಟ್ಟಿಗೆ ಹಣ ಸಾಲದಿದ್ದರೆ ಹಿಟ್ಟಿನ ವ್ಯಾಪಾರಿ ಸಾಲ ಕೊಡುತ್ತಿದ್ದ. ಹಂದಿಯನ್ನು ಕಡಿದ ದಿನ ಮಾಂಸದ ಪಾಲು ಅವನಿಗೆ. ಹೀಗಾಗಿ ಕೊಬ್ಬುವುದಕ್ಕೆ ಮೊದಲೇ ಅರ್ಧ ಹಂದಿ ಅಡವು ಬಿದ್ದಿರುತ್ತಿತ್ತು! ಇನ್ನು ಸುಗ್ಗಿ ಮುಗಿದ ಮೇಲೆ ಹೆಂಗಸರೂ ಮಕ್ಕಳೂ ಬೆಳಗಿನ ಜಾವವೇ ಎದ್ದು ಹೊಲಗಳಿಗೆ ಹೋಗಿ ಹಕ್ಕಲಾಯುತ್ತಿದ್ದರು. ಬಗ್ಗಿದ ಸೊಂಟ ಎತ್ತದೆ ಎರಡು ಮೂರು ವಾರ ತೆನೆ ಆಯ್ದರೆ ಚಳಿಗಾಲಕ್ಕೆ ಒಂದಷ್ಟು ಹಿಟ್ಟು. ಬೀಸಿ ಬಂದ ಆ ಹಿಟ್ಟಿನ ಚೀಲವನ್ನು ಮನೆಯ ನಡುವೆ ಕುರ್ಚಿಯ ಮೇಲಿಟ್ಟು, ದಾರಿಯಲ್ಲಿ ಹೋಗುವವರನ್ನು ಒಳಗೆ ಕರೆದು ತೋರಿಸುವುದು ವಾಡಿಕೆಯಂತೆ. ಅತಿಥಿಗಳಿಗೆ ಕುಳಿತುಕೊಳ್ಳಲು ಕುರ್ಚಿಗಳೇ ಸಾಲದ ಆ ಮನೆಗಳಲ್ಲಿ ಹಿಟ್ಟಿಗೆ ಸಂದ ಮರ್ಯಾದೆ ಅದು. ಹಸಿವನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಸಂಗತಿಗಳು ಯಾವ ದಫ್ತರದಲ್ಲಿಯೂ ಇರುವುದಿಲ್ಲ. ದಫ್ತರಗಳ ವಿಷಯದಲ್ಲಿ ಇಂಗ್ಲೆಂಡು ಹಿಂದುಳಿದ ದೇಶವೇನೂ ಅಲ್ಲ. ಎಂಟನೆಯ ಹೆನ್ರಿಯ ಕಾಲದಲ್ಲಿ, 1538ರಲ್ಲಿ, ಆತನ ಮಂತ್ರಿ ತಾಮಸ್ ಕ್ರಾಮ್‌ವೆಲ್ಲನು ಪ್ರತಿಯೊಂದು ಇಗರ್ಜಿಯಲ್ಲಿಯೂ ಜ್ಞಾನಸ್ನಾನ, ಮದುವೆ, ಮಣ್ಣು ಮಾಡಿದ್ದು ಈ ಮೂರನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಮಾಡಿದನು. 1801ರಿಂದ ಜನಗಣತಿ ಆರಂಭವಾಯಿತು; 1841ರಿಂದ ಗಣತಿಯ ಕಾಗದಗಳಲ್ಲಿ ಮನೆಮಂದಿಯ ಹೆಸರುಗಳೂ ಸೇರಿದುವು. ಒಂದೊಂದು ಜಿಲ್ಲೆಯ ಪ್ರತಿಯೊಂದು ಗ್ರಾಮದ ಚರಿತ್ರೆಯನ್ನೂ ಬರೆಯುವ ಹಂಚಿಕೆಯನ್ನು 1899ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಕೈಗೊಂಡರು. ಆ ಕೆಲಸ ನೂರಿಪ್ಪತ್ತು ವರ್ಷಗಳು ಕಳೆದರೂ ಮುಗಿದಿಲ್ಲವೆಂದರೆ ಅದರ ಹರಹು ಎಷ್ಟೆಂಬುದನ್ನು ಊಹಿಸಬಹುದು.

ಕಾಟಿಸ್‌ಫರ್ಡಿನ ಕಾಗದಪತ್ರಗಳನ್ನು ನೋಡಿದರೆ ಆ ಭೂಮಿ ಹಿಂದೆ ಫ್ರಾನ್ಸಿನ ಬೆಕ್ ಎಂಬಲ್ಲಿಯ ಮಠಕ್ಕೆ ಸೇರಿತ್ತು, ಅನಂತರ ಶ್ರೀಮಂತರ ಮಕ್ಕಳು ಓದುವ ಪ್ರಸಿದ್ಧ ಈಟನ್ ವಿದ್ಯಾಲಯದ ಸ್ವಾಧೀನಕ್ಕೆ ಬಂದಿತು ಎಂದು ತಿಳಿಯುತ್ತದೆ. 1850ರ ದಶಕದಲ್ಲಿ ಅಲ್ಲಿನ ಬಯಲುಭೂಮಿಗೆ ಬೇಲಿ ಬಿದ್ದು ಅದು ಹಂಚಿಕೆಯಾಯಿತೆಂಬುದೂ ತಿಳಿಯುತ್ತದೆ. ಆದರೆ ಬೇಲಿ ಬಿದ್ದುದರ ಅರ್ಥವೇನು?

ಆ ಅರ್ಥ ಫ್ಲೋರಾಳ ಪುಸ್ತಕದಲ್ಲಿ ಬರುವ ಸ್ಯಾಲಿ ಎಂಬ ಮುದುಕಿಯ ಬಾಯಲ್ಲಿದೆ. ಆ ಮುದುಕಿಯ ಬಾಲ್ಯದಲ್ಲಿ ಊರಿನಲ್ಲಿದ್ದುದು ಆರೇ ಮನೆಗಳು, ನಡುವೆ ಹಸಿರು ಬಯಲು, ಸುತ್ತಲೂ ಎಲ್ಲರಿಗೂ ಸೇರಿದ ಬೀಳುಭೂಮಿ. ನಮ್ಮ ಗೋಮಾಳದಂತೆ ಅಲ್ಲಿ ಬಡವನೂ ದನ ಮೇಯಿಸಬಹುದಿತ್ತು, ಸೌದೆ ತರಬಹುದಿತ್ತು. ಅವಳ ಹಿರಿಯರಿಗೆ ಹಸುವಿತ್ತು, ಹಂದಿ-ಕೋಳಿಗಳಿದ್ದುವು, ಹೆಬ್ಬಾತುಗಳಿದ್ದುವು, ಪೇಟೆಗೆ ಹೋಗಲು ಕತ್ತೆಗಾಡಿಯಿತ್ತು. ಬೇಲಿ ಬಿದ್ದ ಮೇಲೆ ಮೇವಿಲ್ಲ; ಮೇವಿಲ್ಲದ ಮೇಲೆ ಹಸುವಿಲ್ಲ. ಹಸುವಿದ್ದವರ ಮೊಮ್ಮಕ್ಕಳು ಹತ್ತು ಶಿಲ್ಲಿಂಗಿನ ಕೂಲಿಗಳಾದರು. ದಫ್ತರದಲ್ಲಿ ಒಂದು ಸಾಲಾಗಿ ಮುಗಿದು ಹೋದುದು ಮುದುಕಿಯ ನೆನಪಿನಲ್ಲಿ ಒಂದು ವಂಶದ ಇಳಿತವಾಗಿ ಉಳಿದಿತ್ತು. ಆ ನೆನಪನ್ನು ಕೇಳಿ ಮನಸ್ಸಿನಲ್ಲಿಟ್ಟುಕೊಂಡವಳು ಪಕ್ಕದ ಮನೆಯ ಪುಟ್ಟ ಹುಡುಗಿ.

ಈ ಹುಡುಗಿಗೆ ದೊರೆತ ವಿದ್ಯೆ ಎಷ್ಟು? ಕಾಟಿಸ್‌ಫರ್ಡಿನ ಹಳ್ಳಿಶಾಲೆಯದಷ್ಟೆ. ಇಂಗ್ಲೆಂಡಿನಲ್ಲಿ 1870ರ ಕಾಯಿದೆಯಿಂದ ಊರೂರಿಗೆ ಶಾಲೆಗಳ ಏರ್ಪಾಡಾಗಿ, 1880ರಲ್ಲಿ ಐದರಿಂದ ಹತ್ತು ವರ್ಷದ ಮಕ್ಕಳಿಗೆ ಶಾಲೆ ಕಡ್ಡಾಯವಾಯಿತು. ಕೂಲಿಕಾರರ ಮಕ್ಕಳೆಲ್ಲರೂ ಅಕ್ಷರ ಕಲಿತ ಮೊದಲನೆಯ ಪೀಳಿಗೆಯವಳು ಫ್ಲೋರಾ. ತಾಯ್ತಂದೆಯರ ಕಾಲದಲ್ಲಿ ರುಜುವಿನ ಬದಲು ಗೀಟು ಹಾಕುತ್ತಿದ್ದ ಜನರ ನಡುವಿನಿಂದ, ಆ ಜನರ ಬದುಕನ್ನೇ ಬರೆಯಬಲ್ಲವಳು ಹುಟ್ಟಿದಳು.

ಊರಿನ ಇತರ ಹೆಣ್ಣುಮಕ್ಕಳು ಶಾಲೆ ಬಿಟ್ಟೊಡನೆ ದೊಡ್ಡವರ ಮನೆಗಳಿಗೆ ಕೆಲಸಕ್ಕೆ ಹೋಗಿ, ಸಂಬಳದಲ್ಲಿ ಉಳಿಸಿದುದನ್ನು ತಾಯಂದಿರಿಗೆ ಕಳುಹಿಸುತ್ತಿದ್ದರು. ಫ್ಲೋರಾ ಮಾತ್ರ ಹದಿನಾಲ್ಕರ ಪ್ರಾಯದಲ್ಲಿ, 1891ರಲ್ಲಿ, ಕೆಲವು ಮೈಲು ದೂರದ ಫ್ರಿಂಗ್‌ಫರ್ಡ್ ಎಂಬ ಹಳ್ಳಿಯ ಅಂಚೆಮನೆಯಲ್ಲಿ ಸಹಾಯಕಳಾಗಿ ಸೇರಿದಳು. ಅಲ್ಲಿ ಆಕೆಗೆ ಎಲ್ಲ ಬಗೆಯ ಜನರ ಪರಿಚಯವಾಯಿತು. ಸುಗ್ಗಿಯ ಕಾಲಕ್ಕೆ ಐರ್ಲೆಂಡಿನಿಂದ ಕೂಲಿಗಾಗಿ ಬರುತ್ತಿದ್ದ ಗಂಡಸರು ವಾರದ ಗಳಿಕೆಯನ್ನು ಅಂಚೆಯ ಮೂಲಕ ಹೆಂಡಿರಿಗೆ ಕಳುಹಿಸಲು ಬಂದು ನಿಲ್ಲುವರು. ಬರೆಯಲರಿಯದವರು ಬಾಯಲ್ಲಿ ಹೇಳುವರು. ಹುಡುಗಿ ಕಾಗದ ಬರೆದುಕೊಡುವಳು. ಪರಸ್ಥಳದಲ್ಲಿ ದುಡಿಯುವವನ ಹೃದಯದಲ್ಲಿ ಏನಿರುತ್ತದೆಂಬುದನ್ನು ಆಕೆ ಹೀಗೆ ಕಲಿತಳು. ಮನಿಯಾರ್ಡರ್ ಫಾರಮನ್ನು ಪಕ್ಕದವನಿಂದ ತುಂಬಿಸಿಕೊಂಡು ಊರಿಗೆ ಹಣ ಕಳುಹಿಸಿದ ಹಿರಿಯರು ನಮ್ಮ ಹೋಟೆಲು ಬಂಧುಗಳಲ್ಲಿಯೂ ಇದ್ದರಲ್ಲವೆ?

ಇನ್ನೊಂದು ಪ್ರಸಂಗ. ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಶಿಲ್ಲಿಂಗಿನವರೆಗೆ ಪಿಂಚಣಿ ಕೊಡುವ ಪದ್ಧತಿ 1909ರ ಜನವರಿಯಲ್ಲಿ ಪ್ರಾರಂಭವಾಯಿತು. ಅದಕ್ಕೆ ಮೊದಲು ದುಡಿಯಲಾರದ ಮುದುಕರಿಗೆ ಮಕ್ಕಳ ಆಸರೆ ಇಲ್ಲವೆ ಅನಾಥಾಲಯವೇ ಗತಿ. ಪಿಂಚಣಿಯನ್ನು ಹಂಚುತ್ತಿದ್ದುದು ಅಂಚೆ ಕಚೇರಿ. ಹಣ ಸರಕಾರದ್ದು; ಎಣಿಸಿ ಕೊಟ್ಟವಳು ಕೌಂಟರಿನ ಹುಡುಗಿ. ಆದರೂ ಮುದುಕರು ಆ ಹುಡುಗಿಯನ್ನು ಹರಸಿ, ತಮ್ಮ ಹಿತ್ತಲಿನ ಹೂಗಳನ್ನೂ ಸೇಬುಗಳನ್ನೂ ತಂದುಕೊಡುತ್ತಿದ್ದರೆಂದು ಫ್ಲೋರಾ ಬರೆಯುತ್ತಾಳೆ. ಯಾವ ಮಂತ್ರಿ, ಯಾವ ಮಸೂದೆ ಎಂಬುದನ್ನು ಪಾರ್ಲಿಮೆಂಟಿನ ವರದಿ ಹೇಳೀತು. ಆ ಮಸೂದೆಯಿಂದ ಹಳ್ಳಿಯ ಮುದುಕನ ಮೋರೆಯಲ್ಲಿ ಮೂಡಿದ ಬೆಳಕನ್ನು ಹೇಳಬಲ್ಲವರು ಕೌಂಟರಿನ ಈಚೆಯವರು.

ಫ್ಲೋರಾ 1903ರಲ್ಲಿ ಅಂಚೆ ಇಲಾಖೆಯ ಒಬ್ಬ ಗುಮಾಸ್ತನನ್ನು ಮದುವೆಯಾದಳು. ಗಂಡನ ವರ್ಗಾವಣೆಯಾದಂತೆ ಊರು ಬದಲಾಯಿತು, ಮಕ್ಕಳಾದರು, ಮನೆವಾರ್ತೆಯ ನಡುವೆ ಪತ್ರಿಕೆಗಳಿಗೆ ಬರೆದಳು. ಬಾಲ್ಯದ ಹಳ್ಳಿಯ ಮೊದಲನೆಯ ಪುಸ್ತಕ "ಲಾರ್ಕ್ ರೈಸ್" 1939ರಲ್ಲಿ ಹೊರಬಿದ್ದಾಗ ಆಕೆಗೆ ಅರುವತ್ತೆರಡು ವರ್ಷ. ಇನ್ನೆರಡು ಸಂಪುಟಗಳು 1941ರಲ್ಲಿಯೂ 1943ರಲ್ಲಿಯೂ ಬಂದುವು. 1945ರಲ್ಲಿ ಮೂರೂ ಒಂದಾಗಿ ಅಚ್ಚಾದುವು. ಈ ನಡುವೆ ಎರಡನೆಯ ಮಹಾಯುದ್ಧದಲ್ಲಿ ಕಿರಿಯ ಮಗ ಕಡಲುಪಾಲಾದ ದುಃಖವನ್ನೂ ಆಕೆ ನುಂಗಬೇಕಾಯಿತು. 1947ರಲ್ಲಿ ತೀರಿಕೊಂಡಳು. ಐವತ್ತು ವರ್ಷಗಳ ಹಿಂದಿನ ಹಿಟ್ಟಿನ ಚೀಲವನ್ನೂ ಕುರ್ಚಿಯನ್ನೂ ಮರೆಯದೆ ಇಟ್ಟುಕೊಂಡು ಮುಪ್ಪಿನಲ್ಲಿ ಬರೆದುದೇ ಆಕೆಯ ದೊಡ್ಡತನ.

ಈ ದಾರಿಯಲ್ಲಿ ನಡೆದವರು ಬೇರೆಯವರೂ ಉಂಟು. ಗ್ಲೋಸ್ಟರ್ ಜಿಲ್ಲೆಯ ಸ್ಲಾಡ್ ಎಂಬ ಕಣಿವೆಯ ಹಳ್ಳಿಯಲ್ಲಿ ಬೆಳೆದ ಲಾರಿ ಲೀ 1934ರಲ್ಲಿ ಕಾಲುನಡಿಗೆಯಿಂದ ಊರು ಬಿಟ್ಟು, ಲಂಡನ್ನಿನಲ್ಲಿ ಕಟ್ಟಡದ ಕೂಲಿಯಾಗಿ ದುಡಿದು, ಮುಂದೆ 1959ರಲ್ಲಿ ತನ್ನ ಬಾಲ್ಯದ ಕಥೆಯನ್ನು "ಸೈಡರ್ ವಿದ್ ರೋಸಿ" ಎಂಬ ಪುಸ್ತಕವಾಗಿ ಪ್ರಕಟಿಸಿದನು. ಕುದುರೆಯ ನಡಿಗೆಗೆ ಹೊಂದಿಕೊಂಡಿದ್ದ ಹಳ್ಳಿಗೆ ಮೋಟಾರು ಬಂದು, ಶತಮಾನಗಳ ಜೀವನಕ್ರಮ ತನ್ನ ಕಣ್ಣೆದುರಿಗೇ ಮುಗಿದುದನ್ನು ಆತ ವರ್ಣಿಸಿದ್ದಾನೆ. ಸಫಕ್ ಜಿಲ್ಲೆಯ ಬ್ಲ್ಯಾಕ್ಸ್‌ಹಾಲಿನಲ್ಲಿ ನೆಲಸಿದ ಜಾರ್ಜ್ ಈವರ್ಟ್ ಇವಾನ್ಸ್ ಎಂಬ ವೇಲ್ಸಿನವನು ಆ ಊರಿನಲ್ಲಿ ಹುಟ್ಟಿದವನೇ ಅಲ್ಲ. ನೆರೆಹೊರೆಯ ಮುದುಕರನ್ನು ಕುರಿ ಕಾಯುವ ಕ್ರಮವೇನು, ಕುಡುಗೋಲಿನ ಕೊಯ್ಲು ಹೇಗೆ, ರೊಟ್ಟಿ ಸುಡುವುದು ಹೇಗೆ ಎಂದು ಕೇಳಿ ಕೇಳಿ ಬರೆದುಕೊಂಡು 1956ರಲ್ಲಿ ಪುಸ್ತಕ ಮಾಡಿದನು. ಯಂತ್ರಗಳು ಬಂದ ಮೇಲೆ ಆ ವಿದ್ಯೆಗಳನ್ನು ಕೈಯಾರೆ ಬಲ್ಲವರು ಆ ಪೀಳಿಗೆಯೇ ಕೊನೆ.

ನೆನಪು ತಪ್ಪುವುದಿಲ್ಲವೆ ಎಂದು ಕೇಳುವವರುಂಟು. ತಪ್ಪುತ್ತದೆ. ಫ್ಲೋರಾ ತನ್ನ ಹೆಸರನ್ನು ಲಾರಾ ಎಂದೂ ಊರಿನ ಹೆಸರನ್ನು ಲಾರ್ಕ್ ರೈಸ್ ಎಂದೂ ಬದಲಾಯಿಸಿದಳು. ಎರಡು ಮೂರು ಊರುಗಳನ್ನು ಕಲಸಿ ಒಂದು ಮಾಡಿದಳು. ಆದುದರಿಂದಲೇ ಇಗರ್ಜಿಯ ಪುಸ್ತಕವೂ ಬೇಕು, ಗಣತಿಯ ಕಾಗದವೂ ಬೇಕು. ಆದರೆ ಕಾಗದವನ್ನು ಬೇಕಾದಾಗ ಬಿಚ್ಚಿ ನೋಡಬಹುದು, ನೆನಪು ಹಾಗಲ್ಲ. ಅದನ್ನು ಹೊತ್ತ ಮನುಷ್ಯನೊಡನೆ ಅದೂ ಮಣ್ಣಾಗುತ್ತದೆ.

ಕಾಟಿಸ್‌ಫರ್ಡಿನ ಇಗರ್ಜಿಯಲ್ಲಿ ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಊರಿನವರ ಹೆಸರುಗಳನ್ನು ಕೆತ್ತಿದ ಹಿತ್ತಾಳೆಯ ಫಲಕವಿದೆ. ಅದರಲ್ಲೊಂದು ಹೆಸರು 1916ರಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಬಿದ್ದ ಫ್ಲೋರಾಳ ತಮ್ಮನದು. ಇಂತಹ ಫಲಕಗಳು ಇಂಗ್ಲೆಂಡಿನ ಊರೂರುಗಳಲ್ಲಿ ಇವೆ. ಹೊರಗಿನವನಿಗೆ ಅವು ಬರಿಯ ಅಕ್ಷರಗಳು. ಆದರೆ ಅಕ್ಕನ ಪುಸ್ತಕವನ್ನು ಓದಿದವನಿಗೆ, ಕೆಸರಿನ ದಾರಿಯಲ್ಲಿ ಅವಳೊಡನೆ ಶಾಲೆಗೆ ನಡೆದ ಹುಡುಗ ಅವನೆಂದು ತಿಳಿದಿರುತ್ತದೆ. ತನ್ನ ಮೊದಲ ಪುಸ್ತಕದ ಕೊನೆಯ ಮಾತುಗಳನ್ನು ಆಕೆ ಮುಡಿಪಾಗಿಟ್ಟುದು ಆ ಫಲಕಕ್ಕೇ.

ನಾವು ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ವರ್ಷಗಳಲ್ಲಿ, ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ, ಭಟ್ಟರೂ ಮಾಣಿಗಳೂ ತಂತಮ್ಮ ಊರಿನ ಮಾತು ತೆಗೆಯುವುದನ್ನು ದಿನವೂ ಕೇಳಿದ್ದೇವೆ. ಯಾವ ಗದ್ದೆ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ವರ್ಷ ನೆರೆ ಬಂದು ದೋಣಿಯಲ್ಲಿ ಮದುವೆಯ ದಿಬ್ಬಣ ಹೋಯಿತು, ಯಾವ ಮನೆಯವರು ಮೊತ್ತಮೊದಲು ಮುಂಬಯಿಗೆ ಹೊರಟರು — ಎಲ್ಲವೂ ಆ ಮಾತಿನಲ್ಲಿ ಬರುತ್ತಿತ್ತು. ಸಂಜೆಯ ಕಾಫಿಗೆ ಗಿರಾಕಿಗಳು ಬಂದೊಡನೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅಂದು ಹಾಗೆ ಹೇಳಿದವರಲ್ಲಿ ಹಲವರು ಈಗಿಲ್ಲ.

ಫ್ಲೋರಾ ಥಾಂಪ್ಸನ್ ಪಂಡಿತೆಯಾಗಿರಲಿಲ್ಲ. ನಮ್ಮಲ್ಲಿ ರಾತ್ರಿಶಾಲೆಯಲ್ಲಿ ಓದಿದವರಿಗಿಂತ ಆಕೆಯ ಶಾಲೆಯ ಕಲಿಕೆ ಹೆಚ್ಚಿನದಲ್ಲ. ಆಕೆ ಮಾಡಿದುದನ್ನು ಮಾಡಲು ಒಂದು ನೋಟುಪುಸ್ತಕ, ವಾರಕ್ಕೊಂದು ರಜೆಯ ಮಧ್ಯಾಹ್ನ, ಊರಿಗೆ ಹೋದಾಗ ಅಜ್ಜಿಯ ಬಳಿ ಕುಳಿತು ಕೇಳುವ ತಾಳ್ಮೆ ಇಷ್ಟು ಸಾಕು. ಹೆಸರು, ಇಸವಿ, ಗದ್ದೆಯ ಗುರುತು, ಕೂಲಿಯ ದರ ಇವನ್ನು ಕೇಳಿದಂತೆಯೇ ಬರೆಯಿರಿ, ಅಲಂಕಾರ ಬೇಡ. ಬರುವ ರಜೆಯಲ್ಲಿ ಊರಿಗೆ ಹೊರಡುವವರು ಮನೆಯವರಿಗಾಗಿ ಕೊಂಡ ಸೀರೆ, ಮಿಠಾಯಿಗಳ ಜೊತೆಗೆ ಆ ನೋಟುಪುಸ್ತಕವನ್ನೂ ಪೆಟ್ಟಿಗೆಯಲ್ಲಿಟ್ಟುಕೊಳ್ಳಲಿ.