ವೆಂಟಿಲೇಟರ್ ಹಾಕಿದ ಮೇಲೆ ಬಿಪಿ ಯಾಕೆ ಇಳಿಯುತ್ತೆ?

ಹೊಸಪೇಟೆಯಿಂದ ಮಾತಾಡ್ತಿದ್ದೀನಿ.

2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲಿ ಕರೆಂಟ್ ಹೋಗಿದ್ದು ನಿಮಗೆ ನೆನಪಿರಬಹುದು. ವೆಂಟಿಲೇಟರ್ ಮೇಲಿದ್ದ ರೋಗಿಗಳು ಅದರಿಂದಲೇ ತೀರಿಕೊಂಡರು ಅಂತ ಮನೆಯವರು ಆರೋಪಿಸಿದರು. ಆಸ್ಪತ್ರೆ ಒಪ್ಪಲಿಲ್ಲ. ವಿಷಯ ವಿಧಾನಸಭೆಗೂ ಹೋಯಿತು, ತನಿಖೆಗೆ ಸಮಿತಿಯೂ ಆಯಿತು. ಮಿಷನ್ ನಿಂತರೆ ಅಪಾಯ ಅನ್ನೋದು ಯಾರಿಗಾದರೂ ಅರ್ಥ ಆಗುತ್ತೆ. ಆದರೆ ಮಿಷನ್ ಸರಿಯಾಗಿ ಓಡ್ತಿರುವಾಗಲೇ ಬಿಪಿ ಇಳಿದರೆ? ಐಸಿಯು ಹೊರಗೆ ಕೂತವರು "ಮಿಷನ್ ಹಾಕಿದ್ದಕ್ಕೇ ಹೀಗಾಯ್ತು" ಅಂತಾರೆ. ಇದೇ ಭಯಕ್ಕೆ ಸಹಿ ಹಾಕೋಕೆ ಹಿಂದೇಟು ಹಾಕೋರೂ ಇದ್ದಾರೆ. ಅದಕ್ಕೇ ಇವತ್ತು ಈ ವಿಷಯ.

ಮೊದಲು ನಮ್ಮ ಮಾಮೂಲಿ ಉಸಿರು ನೋಡೋಣ. ಉಸಿರು ಎಳೆದಾಗ ಎದೆ ಅಗಲವಾಗುತ್ತೆ, ಒಳಗಿನ ಒತ್ತಡ ಕಡಿಮೆಯಾಗುತ್ತೆ. ಹೊರಗಿನ ಗಾಳಿ ಒಳಗೆ ಬರುತ್ತೆ. ಅದೇ ಸೆಳೆತಕ್ಕೆ ಕಾಲು, ಹೊಟ್ಟೆ ಕಡೆಯ ರಕ್ತವೂ ಹೃದಯದತ್ತ ವಾಪಸ್ ಬರುತ್ತೆ. ಅಂದ್ರೆ ಒಂದೇ ಕೆಲಸಕ್ಕೆ ಎರಡು ಲಾಭ.

ವೆಂಟಿಲೇಟರ್ ಇದನ್ನ ಉಲ್ಟಾ ಮಾಡುತ್ತೆ. ಅದು ಗಾಳಿಯನ್ನ ಎಳೆಯಲ್ಲ, ಒಳಗೆ ತಳ್ಳುತ್ತೆ. ಎದೆಯೊಳಗೆ ಒತ್ತಡ ಏರುತ್ತೆ. ವಾಪಸ್ ಬರೋ ರಕ್ತಕ್ಕೆ ಅಡ್ಡಿಯಾಗುತ್ತೆ.

ನಮ್ಮೂರ ಕಡೆಯ ಉದಾಹರಣೆ ತಗೊಳ್ಳಿ. ವಿಜಯನಗರ ಕಾಲದ ತುರ್ತು ಕಾಲುವೆ ಈಗಲೂ ಹಂಪಿಯ ಗದ್ದೆಗಳಿಗೆ ನೀರು ಕೊಡುತ್ತೆ. ಪಂಪ್ ಇಲ್ಲ, ಮೇಲೆ ಕೆಳಗೆ ಇರೋ ಮಟ್ಟದ ವ್ಯತ್ಯಾಸವೇ ಸಾಕು. ಕೆಳಗಿನ ಗದ್ದೆಯಲ್ಲಿ ನೀರಿನ ಮಟ್ಟ ಏರಿತು ಅನ್ಕೊಳ್ಳಿ, ಹರಿವು ನಿಧಾನವಾಗುತ್ತೆ. ಹೃದಯ ಆ ಕೆಳಗಿನ ಗದ್ದೆ ಇದ್ದ ಹಾಗೆ. ಅಲ್ಲಿ ಒತ್ತಡ ಏರಿದರೆ ಬರೋ ರಕ್ತ ಕಡಿಮೆ. ಬಂದಿದ್ದೇ ಕಡಿಮೆಯಾದರೆ ಹೃದಯ ಹೊರಗೆ ಕಳಿಸೋದೂ ಕಡಿಮೆ. ಬಿಪಿ ಇಳಿಯುತ್ತೆ.

ಎಲ್ಲರಿಗೂ ಒಂದೇ ಥರ ಆಗಲ್ಲ. ವಾಂತಿಭೇದಿ, ರಕ್ತಸ್ರಾವ, ಸೋಂಕಿನಿಂದ ಸೊರಗಿದವರಲ್ಲಿ ಮೊದಲೇ ರಕ್ತದ ಹರಿವು ಕಮ್ಮಿ ಇರುತ್ತೆ, ಅವರಿಗೆ ಹೊಡೆತ ಜಾಸ್ತಿ. ಕಂಪ್ಲಿ ಕಡೆ ಭತ್ತದ ಗದ್ದೆಯಲ್ಲಿ ನಾಗರಹಾವು ಕಚ್ಚಿ ಉಸಿರಾಟದ ಸ್ನಾಯು ಸೋತವರಿಗೆ ಶ್ವಾಸಕೋಶ ಚೆನ್ನಾಗೇ ಇರುತ್ತೆ. ಮೃದುವಾದ ಶ್ವಾಸಕೋಶ ಮಿಷನ್ನಿನ ಒತ್ತಡವನ್ನ ಎದೆಯ ರಕ್ತನಾಳಗಳಿಗೆ ಹೆಚ್ಚು ದಾಟಿಸುತ್ತೆ. ನ್ಯುಮೋನಿಯಾದಿಂದ ಗಟ್ಟಿಯಾದ ಶ್ವಾಸಕೋಶ ಅಷ್ಟು ದಾಟಿಸಲ್ಲ, ಆದರೆ ಅದಕ್ಕೆ ಹೆಚ್ಚು ಒತ್ತಡವೇ ಬೇಕಾಗುತ್ತೆ. ಜೊತೆಗೆ ಟ್ಯೂಬ್ ಹಾಕುವಾಗ ಕೊಡೋ ನಿದ್ದೆ ಔಷಧವೂ ಬಿಪಿ ಇಳಿಸುತ್ತೆ.

2021ರ ಮೇ ತಿಂಗಳಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕು ಕಾರ್ಖಾನೆಯ ಆಕ್ಸಿಜನ್ ಬಳಸೋ ತಾತ್ಕಾಲಿಕ ಕೋವಿಡ್ ಆಸ್ಪತ್ರೆ ಶುರುವಾಯ್ತು. ಆಗ ನಾವೆಲ್ಲ ಬೆರಳಿಗೆ ಕ್ಲಿಪ್ ಹಾಕ್ಕೊಂಡು 94, 95 ಅಂತ ನೋಡೋದು ಕಲಿತ್ವಿ. ಆದರೆ ಆ ನಂಬರ್ ಅರ್ಧ ಲೆಕ್ಕ ಮಾತ್ರ. ನಾನು ಬಿಕಾಂ ಓದಿದವನು, ನನ್ನ ಭಾಷೆಯಲ್ಲಿ ಹೇಳ್ತೀನಿ: ಲಾರಿಗೆ ಮಾಲು ತುಂಬಿದರೆ ಸಾಲದು, ಲಾರಿ ಓಡಬೇಕು. ಅಂಗಾಂಗಗಳಿಗೆ ತಲುಪೋದು ರಕ್ತದಲ್ಲಿರೋ ಆಕ್ಸಿಜನ್ ಗುಣಿಸು ರಕ್ತದ ಹರಿವು. ಆಕ್ಸಿಜನ್ 98 ಇದ್ದು ಹರಿವು ಅರ್ಧಕ್ಕೆ ಇಳಿದರೆ ಕಿಡ್ನಿ, ಮಿದುಳಿಗೆ ನಷ್ಟವೇ.

ಇದನ್ನ ಡಾಕ್ಟರು ಮೊದಲೇ ಲೆಕ್ಕ ಹಾಕ್ತಾರೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಕುಸಿಯದ ಹಾಗೆ ಸ್ವಲ್ಪ ಒತ್ತಡ ಉಳಿಸ್ತಾರೆ, ಅದಕ್ಕೆ ಪೀಪ್ ಅಂತಾರೆ. ಸಾಮಾನ್ಯವಾಗಿ 5 ಸೆಂಟಿಮೀಟರ್ ನೀರಿನಷ್ಟು ಒತ್ತಡದಿಂದ ಶುರು. ಏರಿಸಿದರೆ ಆಕ್ಸಿಜನ್ ಹೆಚ್ಚಬಹುದು, ಬಿಪಿ ಇಳಿಯಬಹುದು. ಬಿಪಿ ಬಿದ್ದರೆ ಅಗತ್ಯ ನೋಡಿ ಡ್ರಿಪ್, ನಾರ್‌ಅಡ್ರಿನಲಿನ್ ಕೊಡ್ತಾರೆ, ಪೀಪ್ ಇಳಿಸ್ತಾರೆ. ಸರಾಸರಿ ಬಿಪಿ 65ಕ್ಕಿಂತ ಕೆಳಗೆ ಹೋಗದಂತೆ ನೋಡ್ಕೊಳ್ಳೋದು ಸಾಮಾನ್ಯ ಗುರಿ.

ಇನ್ನೊಂದು ಮುಖವೂ ಇದೆ. ಎಡ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಇದೇ ಒತ್ತಡ ಉಪಕಾರಿ. ಬರೋ ರಕ್ತ ಸ್ವಲ್ಪ ತಗ್ಗುತ್ತೆ, ಹೃದಯದ ಹೊರೆ ಇಳಿಯುತ್ತೆ. ಎಷ್ಟೋ ಸಲ ಟ್ಯೂಬ್ ಇಲ್ಲದೆ ಬಿಗಿ ಮಾಸ್ಕ್‌ನಲ್ಲೇ ಕೆಲಸ ಆಗುತ್ತೆ.

ಹೊಸಪೇಟೆಯಿಂದ ಬಳ್ಳಾರಿಗೆ ಸುಮಾರು 60 ಕಿಲೋಮೀಟರ್. ಆಂಬುಲೆನ್ಸಲ್ಲಿ ಕೆಲವೊಮ್ಮೆ ಆಂಬು ಬ್ಯಾಗನ್ನ ಕೈಯಲ್ಲೇ ಒತ್ತಬೇಕಾಗುತ್ತೆ. ದೊಡ್ಡವರಿಗೆ ಸಾಮಾನ್ಯವಾಗಿ 5–6 ಸೆಕೆಂಡಿಗೆ ಒಂದು ಸಲ. ಗಾಬರಿಯಲ್ಲಿ ಪಟಪಟ ಒತ್ತಿದರೆ ಗಾಳಿ ಹೊರಗೆ ಬರೋಕೆ ಸಮಯ ಸಿಗಲ್ಲ, ಎದೆಯಲ್ಲೇ ಉಳಿದು ರಕ್ತವನ್ನ ತಡೆಯುತ್ತೆ. ನಮ್ಮವರು ಒಳಗಿದ್ದಾರೆ ಅಂತ "ಬೇಗ ಒತ್ತಿ" ಅಂತ ಕೂಗಬೇಡಿ.

ಐಸಿಯು ಡಾಕ್ಟರು ಸಿಕ್ಕಾಗ ಮೂರು ಪ್ರಶ್ನೆ ಕೇಳಿ. ಬಿಪಿ ತಾನಾಗಿ ನಿಂತಿದೆಯಾ, ಔಷಧದ ಮೇಲಿದೆಯಾ? ಮೂತ್ರ ಎಷ್ಟು ಬರ್ತಿದೆ? ಮಿಷನ್ನಿನ ಸಹಾಯ ನಿನ್ನೆಗಿಂತ ಹೆಚ್ಚಾಯ್ತಾ, ಕಡಿಮೆಯಾಯ್ತಾ? ಮೂತ್ರ ಯಾಕೆ ಅಂದ್ರೆ, ಕಿಡ್ನಿಗೆ ರಕ್ತ ಹೋಗ್ತಿದೆ ಅನ್ನೋದಕ್ಕೆ ಅದೊಂದು ಗುರುತು.

ಬಿಪಿ ಇಳಿದ ತಕ್ಷಣ ಮಿಷನ್ನೇ ತಪ್ಪು ಅಂತ ತೀರ್ಮಾನಿಸಬೇಡಿ. ಕಾಯಿಲೆ, ಔಷಧ, ಒತ್ತಡ ಮೂರೂ ಕಾರಣ ಆಗಬಹುದು, ಯಾವುದು ಅಂತ ಕೇಳೋ ಹಕ್ಕು ನಿಮಗಿದೆ. ಇದನ್ನ ಮನೆ ಗ್ರೂಪಿಗೆ ಕಳಿಸಿ. ಮುಂದಿನ ವಾರ ಸಿಗೋಣ.