ಅಡಿಗೆ ಅನಿಲ ಮತ್ತು ಅಡಿಗೆಮನೆಯ ಗಾಳಿಸಂಚಾರ

ತುಮಕೂರಿನ ಸಮೀಪದ ಗೂಳೂರಿನಂಥ ಊರುಗಳಲ್ಲಿ ಹಿಂದಿನವರು ಅಡಿಗೆಮನೆಯನ್ನು ಕಟ್ಟಿದುದು ಸೌದೆಯ ಒಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಹೊಗೆ ಬಿಸಿಯಾದುದರಿಂದ ಮೇಲಕ್ಕೇರುವುದು. ಅದು ಹೊರಹೋಗಲೆಂದು ಸೂರಿನ ಬಳಿ ಗವಾಕ್ಷಿಯನ್ನಿಟ್ಟರು; ಬಾಗಿಲಿಗೆ ಎತ್ತರವಾದ ಹೊಸ್ತಿಲನ್ನು ಕೂರಿಸಿದರು. ಈಗ ಅದೇ ಕೋಣೆಗೆ ಅನಿಲದ ಸಿಲಿಂಡರು ಬಂದಿದೆ. ಭಾರತದಲ್ಲಿ ಈ ಇಂಧನದ ಮಾರಾಟ 1955ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. 2016ರ ಮೇ 1ರಂದು ಪ್ರಾರಂಭವಾದ ಪ್ರಧಾನಮಂತ್ರಿ ಉಜ್ವಲ ಯೋಜನೆ ಅದನ್ನು ಬಡ ಕುಟುಂಬಗಳಿಗೂ ಮುಟ್ಟಿಸಿತು. ಇಂಧನ ಬದಲಾದರೂ ಹಳೆಯ ಕೋಣೆ ಬದಲಾಗಲಿಲ್ಲ. ಇದರಿಂದೊದಗುವ ಅಪಾಯವನ್ನೂ ಅದರ ಪರಿಹಾರವನ್ನೂ ಇಲ್ಲಿ ಪರಿಶೀಲಿಸೋಣ.

ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಒತ್ತಡದಿಂದ ದ್ರವವಾಗಿರುವ ಇದು ಹೊರಬಂದೊಡನೆ ಆವಿಯಾಗಿ ಸುಮಾರು 250 ಪಟ್ಟು ಹಿಗ್ಗುವುದು. ಈ ಆವಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದುದು. ಆದ್ದರಿಂದ ಸೋರಿದ ಅನಿಲ ನೀರಿನಂತೆ ನೆಲಕ್ಕಿಳಿದು, ತಗ್ಗನ್ನರಸಿ ಹರಿದು, ಅಲ್ಲಿಯೇ ನಿಲ್ಲುವುದು. ಹೊಸ್ತಿಲು ಅದಕ್ಕೆ ಕಟ್ಟೆಯಾಗುವುದು. ಹೊಗೆಗಾಗಿ ಬಿಟ್ಟ ಗವಾಕ್ಷಿ ಅದನ್ನು ಹೊರಹಾಕಲು ಸಾಲದು. ಕೊಳವೆಯ ಮೂಲಕ ಬರುವ ನೈಸರ್ಗಿಕ ಅನಿಲದ ವಿಷಯ ಬೇರೆ. ಅದು ಮುಖ್ಯವಾಗಿ ಮೀಥೇನ್. ಗಾಳಿಗಿಂತ ಹಗುರವಾದುದರಿಂದ ಮೇಲಕ್ಕೇರುವುದು.

ಅಪಾಯದ ಪ್ರಮಾಣವನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾತ್ರ 800 ಘನ ಅಡಿ, ಎಂದರೆ ಸುಮಾರು 22.6 ಘನ ಮೀಟರು. ಗಾಳಿಯಲ್ಲಿ ಈ ಅನಿಲ ಸರಿಸುಮಾರು ಶೇಕಡ 2ರಿಂದ 9ರಷ್ಟಿರುವಾಗ ಕಿಡಿ ತಗುಲಿದರೆ ಹೊತ್ತಿಕೊಳ್ಳುವುದು. ಇಡೀ ಕೋಣೆಯಲ್ಲಿ ಶೇಕಡ 2 ಆಗಬೇಕಾದರೆ ಸುಮಾರು 1 ಕಿಲೋಗ್ರಾಂ ಅನಿಲ ಸಾಕು. ತುಂಬಿದ ಸಿಲಿಂಡರಿನಲ್ಲಿರುವುದು 14.2 ಕಿಲೋಗ್ರಾಂ. ಆದರೆ ಅನಿಲ ನೆಲದ ಮೇಲಣ ಒಂದಡಿಯ ಪದರದಲ್ಲಿಯೇ ನಿಂತಿತೆಂದು ಭಾವಿಸಿದರೆ 100 ಗ್ರಾಂ ಸೋರಿದರೂ ಆ ಪದರ ಅಪಾಯದ ಮೇರೆಯನ್ನು ಮುಟ್ಟುವುದು. ವಸ್ತುತಃ ಪದರದ ಅಂಚು ಇಷ್ಟು ಸ್ಪಷ್ಟವಾಗಿರದು. ಆದರೂ ಅಪಾಯ ಮೊದಲು ಕಾಲ ಬಳಿ ಕೂಡುವುದೆಂಬ ಮಾತು ನಿಜ.

ಅನಿಲಕ್ಕೆ ಸಹಜವಾದ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಮರ್ಕಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಬೆರೆಸಿರುತ್ತಾರೆ. ಅನಿಲ ಕೆಳಗೇ ನಿಂತಾಗ ನಿಂತವರ ಮೂಗಿಗೆ ಅದು ತಡವಾಗಿ ಮುಟ್ಟಬಹುದು. ಅಷ್ಟರಲ್ಲಿ ನೆಲದ ಮೇಲಿಟ್ಟ ದೇವರ ದೀಪಕ್ಕೆ ಅನಿಲ ತಲುಪಿರಲೂಬಹುದು. ಗೂಳೂರಿನ ಮಣ್ಣಿನ ಮಹಾಗಣಪತಿಗೆ ಪೂಜೆ ನಡೆಯುವ ಕಾರ್ತಿಕಮಾಸದಲ್ಲಿ ಹೊಸ್ತಿಲ ಬಳಿಯೂ ದೀಪವಿಡುವ ರೂಢಿಯುಂಟು; ನೆಂಟರು ಬಂದು ಒಲೆಗೆ ಬಿಡುವಿಲ್ಲದ ದಿನಗಳೂ ಅವೇ. ದೀಪವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಸಿಲಿಂಡರಿರುವ ಕೋಣೆಯಲ್ಲಿ ಮಾತ್ರ ನೆಲಮಟ್ಟದ ದೀಪ ಬೇಡವೆನ್ನುತ್ತೇವೆ.

ಮೇಲಿನ ತತ್ತ್ವದಿಂದಲೇ ಕ್ರಮಗಳು ಹೊರಡುತ್ತವೆ. ಹೊರಗೋಡೆಯಲ್ಲಿ ನೆಲಕ್ಕೆ ಸಮನಾಗಿ ಜಾಲರಿಯುಳ್ಳ ಒಂದು ಕಿಂಡಿಯಿರಬೇಕು. ಅದು ಚರಂಡಿಗಾಗಲಿ ಗುಂಡಿಗಾಗಲಿ ತೆರೆಯಬಾರದು. ದಹನಕ್ಕೆ ಹೊಸ ಗಾಳಿ ಅವಶ್ಯಕವಾದುದರಿಂದ ಮೇಲಣ ಗವಾಕ್ಷಿಯನ್ನೂ ಮುಚ್ಚಬಾರದು. ಸಿಲಿಂಡರನ್ನು ತಗ್ಗಿನಲ್ಲಿಡದೆ ಸಮನೆಲದ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಮಲಗಿಸಿದರೆ ಆವಿಗೆ ಬದಲಾಗಿ ದ್ರವವೇ ಹೊರಬರಬಹುದು. ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಕೂಡಲೇ, ಬದಲಿಸಬೇಕು. ಸೋರಿಕೆಯನ್ನು ಸಾಬೂನಿನ ನೀರಿನಿಂದ ಪರೀಕ್ಷಿಸಬೇಕಲ್ಲದೆ ಬೆಂಕಿಕಡ್ಡಿಯಿಂದಲ್ಲ.

ವಾಸನೆ ಬಂದಾಗ ವಿದ್ಯುತ್ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು, ಎರಡರಲ್ಲಿಯೂ ಕಿಡಿಯುಂಟು. ಉರಿಯುತ್ತಿರುವ ಒಲೆ, ದೀಪಗಳನ್ನು ಆರಿಸಿ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಬಂದ ಮೇಲೆ 1906 ಸಂಖ್ಯೆಗೆ ದೂರವಾಣಿ ಮಾಡಬೇಕು.

ಹಿಂದಿನವರು ಹೊಗೆಯ ಸ್ವಭಾವವನ್ನರಿತು ಗವಾಕ್ಷಿಯನ್ನಿಟ್ಟರು. ಅನಿಲದ ಸ್ವಭಾವವನ್ನರಿತು ನೆಲದ ಬಳಿ ಕಿಂಡಿಯನ್ನು ತೆರೆಯುವುದು ಆ ವಿವೇಕದ ಮುಂದುವರಿಕೆಯೇ ಆಗಿದೆ. ಆವಿಯ ಸಾಂದ್ರತೆಯನ್ನು ತರಗತಿಯಲ್ಲಿ ಬೋಧಿಸುವ ಅಧ್ಯಾಪಕರು ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದ ಅವರವರ ಅಡಿಗೆಮನೆಯ ಅಳತೆಗೆ ಮಾಡಿಸಿದರೆ ಪಾಠವೂ ಮನದಟ್ಟಾಗುವುದು, ಮನೆಯೂ ಸುರಕ್ಷಿತವಾಗುವುದು.